ಕೊನೆಗೆ ಬದಲಿಸಬೇಕಾದ ಡಬ್ಬಿ

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಪಿಕಪ್ ಗಾಡಿಗಳ ಒಡನಾಟದಲ್ಲಿ ವರ್ಷಗಳನ್ನು ಕಳೆದವರಿಗೆ ‘ಸರ್ವಿಸ್ 4ಡಬ್ಲ್ಯೂಡಿ’ (ಫೋರ್ ವ್ಹೀಲ್ ಡ್ರೈವ್ ರಿಪೇರಿಗಿದೆ) ಎಂಬ ಸೂಚನೆ ಮರೆಯುವಂಥದ್ದಲ್ಲ. 1999ರ ಮಾದರಿಯಿಂದ 2006ರವರೆಗೆ ಬಂದ ಷೆವರ್ಲೆ ಸಿಲ್ವೆರಾಡೊ, ಜಿಎಂಸಿ ಸಿಯೆರಾ ಗಾಡಿಗಳ ಕಾಲ ಅದು. ಡ್ಯಾಶ್‌ಬೋರ್ಡಿನ ಗುಂಡಿಗಳ ದೀಪ ಆರಿಹೋಗುತ್ತಿತ್ತು, ಇಲ್ಲವೇ ಒಂದೇ ಸಮನೆ ಮಿನುಗುತ್ತಿತ್ತು. ಒತ್ತಿದರೆ ಉತ್ತರವಿಲ್ಲ, ಮುಂದಿನ ಚಕ್ರಗಳಿಗೆ ಶಕ್ತಿ ಇಲ್ಲ. ಇಷ್ಟಾದರೆ ತುಂಬ ಜನರ ಬಾಯಲ್ಲಿ ತಕ್ಷಣ ಬರುತ್ತಿದ್ದುದು ಒಂದೇ ಮಾತು: ಟ್ರಾನ್ಸ್‌ಫರ್ ಕೇಸ್ ಕಂಟ್ರೋಲ್ ಮಾಡ್ಯೂಲ್ ಹೋಗಿದೆ, ಹೊಸದು ಹಾಕಿ. ಗಾಡಿಯ ಮಾಲೀಕರು, ಸ್ಪೇರ್ ಪಾರ್ಟ್ ಅಂಗಡಿಯವರು, ಎಷ್ಟೋ ಸಲ ಮೆಕ್ಯಾನಿಕ್‌ಗಳು ಕೂಡ ಇದನ್ನೇ ಹೇಳುತ್ತಿದ್ದರು. ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಆ್ಯಕ್ಸಲುಗಳಿಗೆ ಹಂಚುವ ಪೆಟ್ಟಿಗೆ ಟ್ರಾನ್ಸ್‌ಫರ್ ಕೇಸ್; ಅದನ್ನು ಆಳುವ ಎಲೆಕ್ಟ್ರಾನಿಕ್ ಡಬ್ಬಿ ಈ ಮಾಡ್ಯೂಲ್. ಆ ವರ್ಷಗಳನ್ನು ಈಗ ನೆನೆದಾಗ ನನಗೆ ಅನ್ನಿಸುವುದು ಬೇರೆ. ಆ ಡಬ್ಬಿಯನ್ನು ಬದಲಿಸುವುದು ತಪ್ಪಲ್ಲ; ಆದರೆ ಅದು ಮಿಕ್ಕದ್ದೆಲ್ಲ ಸರಿಯಿದೆ ಎಂದು ಸಾಬೀತಾದ ಮೇಲೆ ಮಾಡಬೇಕಾದ ಕೆಲಸ. ಪರೀಕ್ಷೆಯಿಲ್ಲದೆ ಮಾಡಿದ ಬದಲಾವಣೆಯನ್ನು ರಿಪೇರಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಫೋರ್ ವ್ಹೀಲ್ ಡ್ರೈವ್ ಎಂದರೆ ಗೇರ್ ಲಿವರಿನ ಪಕ್ಕದಲ್ಲಿ ಇನ್ನೊಂದು ಲಿವರ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದುಡಿದ ಹಳೆಯ ಮಹೀಂದ್ರ ಜೀಪುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಲಿವರ್ ಎಳೆದರೆ ಕೆಳಗಿನ ಫೋರ್ಕ್ ಸರಿಯುತ್ತದೆ, ಹಲ್ಲು ಹಲ್ಲಿಗೆ ಸೇರುತ್ತದೆ. ಸೇರದಿದ್ದರೆ ಅದು ಕೈಗೇ ಗೊತ್ತಾಗುತ್ತದೆ. ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ ಎಂಬುದನ್ನು ಲಿವರೇ ಅಂಗೈಗೆ ತಿಳಿಸುತ್ತಿತ್ತು. ಗುಂಡಿ ಬಂದ ಮೇಲೆ ಆ ತಿಳಿವಳಿಕೆ ಹೋಯಿತು, ಅದರ ಜಾಗಕ್ಕೆ ಒಂದು ಉದ್ದದ ಸರಪಳಿ ಬಂತು. ಸಿಲ್ವೆರಾಡೊದ ಆಟೋಟ್ರ್ಯಾಕ್ ವ್ಯವಸ್ಥೆಯಲ್ಲಿ ಚಾಲಕ ಒತ್ತುವ ಗುಂಡಿ ಬರೀ ಒಂದು ಕೋರಿಕೆ. ಅದು ಡ್ಯಾಶ್‌ಬೋರ್ಡಿನ ಅಡಿಯಲ್ಲಿರುವ ಮಾಡ್ಯೂಲಿಗೆ ಹೋಗುತ್ತದೆ. ಗಾಡಿಯ ವೇಗ ಎಷ್ಟು, ಗೇರ್ ಯಾವುದರಲ್ಲಿದೆ ಎಂದು ಮಾಡ್ಯೂಲ್ ಮೊದಲು ನೋಡಿಕೊಳ್ಳುತ್ತದೆ. ಆಮೇಲೆ ಟ್ರಾನ್ಸ್‌ಫರ್ ಕೇಸಿನ ಮೈಗೆ ಕೂರಿಸಿದ ಎನ್‌ಕೋಡರ್ ಮೋಟರಿಗೆ ಕರೆಂಟು ಕೊಡುತ್ತದೆ. ಎರಡು ತಂತಿಗಳಲ್ಲಿ ಧನ, ಋಣವನ್ನು ಅದಲು ಬದಲು ಮಾಡಿ ಮೋಟರನ್ನು ಆ ಕಡೆಗೋ ಈ ಕಡೆಗೋ ತಿರುಗಿಸುತ್ತದೆ. ಮೋಟರಿನ ಜೊತೆಗಿರುವ ಎನ್‌ಕೋಡರ್ ‘ಈಗ ಇಲ್ಲಿದ್ದೇನೆ’ ಎಂದು ಕ್ಷಣಕ್ಷಣವೂ ಸಣ್ಣ ವೋಲ್ಟೇಜಿನ ಸಂಕೇತ ಕಳಿಸುತ್ತಿರಬೇಕು. ಮುಂದಿನ ಆ್ಯಕ್ಸಲನ್ನು ಜೋಡಿಸುವುದಕ್ಕೆ ಬೇರೆಯದೇ ಒಂದು ವಿದ್ಯುತ್ ಆ್ಯಕ್ಚುಯೇಟರ್ ಇದೆ. ಇಷ್ಟರಲ್ಲಿ ಎಲ್ಲಿ ಒಂದು ಕೊಂಡಿ ಕಳಚಿದರೂ ಚಾಲಕನಿಗೆ ಕಾಣುವುದು ಅದೇ ಆರಿದ ದೀಪ, ಅದೇ ಎರಡು ಪದ.

ಹೀಗಾಗಿಯೇ ತಪ್ಪು ಮಾಡ್ಯೂಲಿನ ತಲೆಗೆ ಬರುತ್ತದೆ. ವ್ಯವಸ್ಥೆಯಲ್ಲಿ ಮಾತಾಡಬಲ್ಲದ್ದು ಅದೊಂದೇ. ಮೋಟರಿಗೆ ಬಾಯಿಲ್ಲ, ತುಕ್ಕು ಹಿಡಿದ ಅರ್ತ್ ತಂತಿಗೆ ಬಾಯಿಲ್ಲ, ಸವೆದ ಸ್ವಿಚ್ಚಿಗೂ ಇಲ್ಲ. ಅವೆಲ್ಲದರ ಕಷ್ಟವನ್ನು ಮಾಡ್ಯೂಲ್ ಗಮನಿಸಿ ಒಂದು ಕೋಡಾಗಿ ಬರೆದಿಡುತ್ತದೆ. ಜನ ಆ ಕೋಡನ್ನು ಓದಿ, ಬರೆದದ್ದನ್ನೇ ಕಿತ್ತೆಸೆಯುತ್ತಾರೆ. ಸಿ0327 ಎಂಬ ಕೋಡನ್ನೇ ತೆಗೆದುಕೊಳ್ಳಿ. ಈ ಗಾಡಿಗಳಲ್ಲಿ ಬಹಳ ಪರಿಚಿತವಾದ ಕೋಡ್ ಅದು. ಅದರ ಅರ್ಥ ‘ಎನ್‌ಕೋಡರ್ ಸರ್ಕ್ಯೂಟಿನಲ್ಲಿ ದೋಷ’ ಎಂದಷ್ಟೇ. ಸರ್ಕ್ಯೂಟ್ ಎಂದಾಗ ಎನ್‌ಕೋಡರ್ ಬಂತು, ಅದರ ಕಪ್ಲರ್ ಬಂತು, ಕ್ಯಾಬಿನ್ನಿನಿಂದ ಗಾಡಿಯ ಹೊಟ್ಟೆಯಡಿಗೆ ಇಳಿಯುವ ವೈರಿಂಗ್ ಬಂತು, ಕೊನೆಗೆ ಮಾಡ್ಯೂಲೂ ಬಂತು. ನಾಲ್ಕರಲ್ಲಿ ಯಾವುದು ಎಂದು ಕೋಡ್ ಹೇಳಿಲ್ಲ, ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ಅದು ಪರೀಕ್ಷೆ ಎಲ್ಲಿಂದ ಶುರುವಾಗಬೇಕು ಎಂಬುದನ್ನು ತೋರಿಸುತ್ತದೆ. ಆ ಕೋಡನ್ನಾದರೂ ಎಲ್ಲರೂ ಓದಬಲ್ಲರೇ? ಅಮೆರಿಕದಲ್ಲಿ 1996ರಿಂದ ಎಲ್ಲ ಕಾರು, ಪಿಕಪ್‌ಗಳಿಗೂ ಓಬಿಡಿ-2 ಎಂಬ ದೋಷಪತ್ತೆ ವ್ಯವಸ್ಥೆ ಕಡ್ಡಾಯ. ಆದರೆ ಆ ಕಡ್ಡಾಯದ ಉದ್ದೇಶ ಹೊಗೆಯ ನಿಯಂತ್ರಣ. ಎಂಜಿನ್ನಿಗೆ, ಹೊಗೆಗೆ ಸಂಬಂಧಿಸಿದ ‘ಪಿ’ ಕೋಡುಗಳನ್ನು ಯಾವ ಅಗ್ಗದ ಸ್ಕ್ಯಾನರ್ ಬೇಕಾದರೂ ಓದುತ್ತದೆ. ಚಾಸಿಗೆ ಸೇರಿದ ‘ಸಿ’ ಕೋಡುಗಳು ಆ ಕಾನೂನಿನ ವ್ಯಾಪ್ತಿಗೆ ಬರಲಿಲ್ಲ. ಅವುಗಳನ್ನು ಓದಲು ಜನರಲ್ ಮೋಟರ್ಸ್‌ನ ಟೆಕ್-2 ಉಪಕರಣವೋ ಅದಕ್ಕೆ ಸಮನಾದ ದುಬಾರಿ ಸ್ಕ್ಯಾನರೋ ಬೇಕಿತ್ತು. ಸಾಮಾನ್ಯ ಸ್ಕ್ಯಾನರ್ ಚುಚ್ಚಿ ‘ಯಾವ ಕೋಡೂ ಇಲ್ಲ’ ಎಂದು ಕಂಡವರು ಹಾಗಾದರೆ ಮಾಡ್ಯೂಲೇ ಸತ್ತಿದೆ ಎಂದುಕೊಂಡರು. ಮಾಡ್ಯೂಲ್ ಹೇಳುತ್ತಲೇ ಇತ್ತು, ಕೇಳಿಸಿಕೊಳ್ಳುವ ಸಾಧನ ಅವರ ಕೈಯಲ್ಲಿರಲಿಲ್ಲ.

ಎಲೆಕ್ಟ್ರಾನಿಕ್ಸ್‌ನಲ್ಲಿ ಕಾಣಿಸಿಕೊಳ್ಳುವ ದೋಷದ ಬೇರು ಬೇರೆಲ್ಲೋ ಇರುತ್ತದೆ ಎಂಬುದಕ್ಕೆ ಇದೇ ಗಾಡಿಗಳ ಚರಿತ್ರೆಯಲ್ಲಿ ದೊಡ್ಡ ಸಾಕ್ಷಿಯೊಂದಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ಉತ್ತರದ ರಾಜ್ಯಗಳು ರಸ್ತೆಗೆ ಉಪ್ಪು ಸುರಿಯುತ್ತವೆ. 2005ರಲ್ಲಿ ಆ ಉಪ್ಪಿನ ರಾಜ್ಯಗಳಲ್ಲಿ ಓಡಿದ ಈ ಸರಣಿಯ ಲಕ್ಷಾಂತರ ಗಾಡಿಗಳನ್ನು ಕಂಪನಿ ಹಿಂದಕ್ಕೆ ಕರೆಸಿಕೊಂಡಿತು. ನಿಧಾನವಾಗಿ ನಿಲ್ಲಿಸುವಾಗ ಎಬಿಎಸ್ ಬ್ರೇಕು ಕಾರಣವಿಲ್ಲದೆ ಕೆಲಸಕ್ಕಿಳಿದು ಗಾಡಿ ನಿಲ್ಲುವುದು ತಡವಾಗುತ್ತಿತ್ತು. ಮೇಲ್ನೋಟಕ್ಕೆ ಕಂಪ್ಯೂಟರಿನ ತಪ್ಪು ಎಂದೇ ಯಾರಿಗಾದರೂ ತೋರಬೇಕು. ನಿಜದಲ್ಲಿ ಆಗಿದ್ದು, ಮುಂದಿನ ಚಕ್ರದ ವೇಗ ಅಳೆಯುವ ಸೆನ್ಸರಿನ ಅಡಿಯಲ್ಲಿ ತುಕ್ಕು ಬೆಳೆದು ಸೆನ್ಸರನ್ನು ಕೂದಲೆಳೆಯಷ್ಟು ಮೇಲೆತ್ತಿತ್ತು. ಅಷ್ಟು ಅಂತರ ಹೆಚ್ಚಾದದ್ದಕ್ಕೆ ಸಂಕೇತ ಕ್ಷೀಣಿಸಿ, ಚಕ್ರ ಜಾರುತ್ತಿದೆ ಎಂದು ಎಬಿಎಸ್ ಮಾಡ್ಯೂಲ್ ತಿಳಿಯಿತು. ತನಗೆ ಬಂದ ಸುದ್ದಿಗೆ ತಕ್ಕಂತೆ ಅದು ಸರಿಯಾಗಿಯೇ ನಡೆದುಕೊಂಡಿತು. ಅಂಥ ಗಾಡಿಗೆ ಎಷ್ಟು ಮಾಡ್ಯೂಲ್ ಹಾಕಿದರೇನು? ಅದೇ ಉಪ್ಪು, ಅದೇ ಚಾಸಿ, ಅದೇ ತೇವ ಫೋರ್ ವ್ಹೀಲ್ ಡ್ರೈವಿನ ವೈರಿಂಗನ್ನೂ ತಿನ್ನುತ್ತದೆ. ಎನ್‌ಕೋಡರ್ ಮೋಟರ್ ಇರುವುದು ಗಾಡಿಯ ಹೊಟ್ಟೆಯಡಿಯಲ್ಲಿ, ಕೆಸರು ನೀರು ಎರಚುವ ಜಾಗದಲ್ಲಿ. ಮಾಡ್ಯೂಲ್ ಇರುವುದು ಕ್ಯಾಬಿನ್ನಿನ ಬೆಚ್ಚನೆಯ ಒಣ ಜಾಗದಲ್ಲಿ. ಎರಡರಲ್ಲಿ ಮೊದಲು ಯಾವುದನ್ನು ಅನುಮಾನಿಸಬೇಕು ಎಂಬುದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ.

ಅನುಮಾನ ಸಾಲದು, ಅಳೆಯಬೇಕು. ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಮೀಟರ್ ಹಿಡಿದವರೂ ಮೋಸಹೋಗುವುದು ಇಲ್ಲಿಯೇ. ಕಪ್ಲರ್ ಬಿಚ್ಚಿ, ಮಾಡ್ಯೂಲಿಗೆ ಬರುವ ತಂತಿಯ ತುದಿಗೆ ಮಲ್ಟಿಮೀಟರ್ ಇಟ್ಟರೆ 12 ವೋಲ್ಟ್ ತೋರುತ್ತದೆ. ಕರೆಂಟ್ ಬರುತ್ತಿದೆ, ಅಂದಮೇಲೆ ಮಾಡ್ಯೂಲೇ ಕೆಟ್ಟಿದೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಮೀಟರ್ ಹೀರುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ತಂತಿಯೊಳಗಿನ ಎಳೆಗಳೆಲ್ಲ ಹಸಿರುಗಟ್ಟಿ ಉದುರಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ ಪೂರ್ತಿ 12 ವೋಲ್ಟ್ ಕಾಣುತ್ತದೆ. ಅದೇ ತಂತಿಗೆ 21 ವ್ಯಾಟಿನ ಒಂದು ಬ್ರೇಕ್ ಲೈಟ್ ಬಲ್ಬ್ ಜೋಡಿಸಿ. ಅದು 2 ಆಂಪಿಯರಿಗೆ ಹತ್ತಿರದಷ್ಟು ಕರೆಂಟು ಎಳೆಯುತ್ತದೆ. ತಂತಿ ಗಟ್ಟಿಯಿದ್ದರೆ ಬಲ್ಬ್ ಪ್ರಖರವಾಗಿ ಉರಿಯುತ್ತದೆ; ಒಂದೇ ಎಳೆಯ ಮೇಲೆ ನಿಂತಿದ್ದರೆ ಮಂಕಾಗುತ್ತದೆ. ಅರ್ತ್ ಕಡೆಯದೂ ಹೀಗೆಯೇ. ವ್ಯವಸ್ಥೆ ಕೆಲಸ ಮಾಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಮಾಡ್ಯೂಲಿನ ಅರ್ತ್ ಪಿನ್ನಿಗೂ ಇಟ್ಟರೆ ಹತ್ತನೇ ಒಂದೋ ಎರಡೋ ಭಾಗ ವೋಲ್ಟ್ ಕಾಣಬೇಕು. ಅರ್ಧ ವೋಲ್ಟ್ ದಾಟಿತೆಂದರೆ ದೋಷ ಅರ್ತ್‌ನಲ್ಲಿದೆ. ಕೀಲಿ ತಿರುಗಿಸಿದಾಗ ಮಾಡ್ಯೂಲನ್ನು ಎಬ್ಬಿಸುವ ತಂತಿ ಇಗ್ನಿಷನ್ ಸ್ವಿಚ್ಚಿನ ಮೂಲಕ ಬರುತ್ತದೆ. ಸ್ವಿಚ್ಚಿನೊಳಗಿನ ಸಂಪರ್ಕ ಸವೆದು ವೋಲ್ಟೇಜು ಕುಸಿದರೂ ಗುಂಡಿಗಳ ದೀಪ ಆರುತ್ತದೆ, ಅದೇ ಸೂಚನೆ ಮೂಡುತ್ತದೆ. ಇವೆಲ್ಲ ನೋಡಲು ಬೇಕಾದ ಸಾಮಾನು ಒಂದು ಮೀಟರ್, ಒಂದು ಬಲ್ಬ್, ಒಂದು ವೈರಿಂಗ್ ನಕ್ಷೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಣದ್ದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಕೂಲಿ ದುಬಾರಿ. ಮೆಕ್ಯಾನಿಕ್ ಎರಡು ಗಂಟೆ ಹುಡುಕಾಡುವ ಖರ್ಚಿನಲ್ಲಿ ಗುಜರಿಯ ಮಾಡ್ಯೂಲೊಂದು ಬಂದೀತು. ಹಾಕಿ ನೋಡುವುದೇ ಅಗ್ಗದ ಪರೀಕ್ಷೆಯಲ್ಲವೇ? ಹಾಕಿದೆವು, ಸರಿಹೋಯಿತು, ಇನ್ನೇನು ಸಾಕ್ಷಿ ಬೇಕು ಎಂದು ಕೇಳುವವರೂ ಉಂಟು. ನನ್ನ ಉತ್ತರ ಹೀಗಿದೆ. ಮಾಡ್ಯೂಲ್ ಬದಲಿಸುವಾಗ ಬ್ಯಾಟರಿ ಕಳಚುತ್ತೇವೆ, ಕಪ್ಲರುಗಳನ್ನು ಕಿತ್ತು ಮತ್ತೆ ಚುಚ್ಚುತ್ತೇವೆ. ಬ್ಯಾಟರಿ ಕಳಚಿದಾಗ ಗೊಂದಲದಲ್ಲಿ ಸಿಕ್ಕಿಕೊಂಡ ವ್ಯವಸ್ಥೆ ಹೊಸದಾಗಿ ಶುರುವಾಗುತ್ತದೆ. ಕಪ್ಲರ್ ಕಿತ್ತು ಚುಚ್ಚಿದಾಗ ಪಿನ್ನುಗಳು ಒಂದಕ್ಕೊಂದು ಉಜ್ಜಿ, ಮೇಲಿನ ತುಕ್ಕಿನ ಪೊರೆ ಸರಿದು, ಸಂಪರ್ಕ ಕೆಲವು ವಾರ ಚೆನ್ನಾಗಿರುತ್ತದೆ. ಅಂದರೆ ಹಳೆಯ ಡಬ್ಬಿಯನ್ನೇ ತೆಗೆದು ಹಾಕಿದ್ದರೂ ಗಾಡಿ ಸರಿಹೋಗುತ್ತಿತ್ತೇನೋ! ಸರಿಹೋಯಿತು ಎನ್ನುವುದು ಡಬ್ಬಿ ಕೆಟ್ಟಿತ್ತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಮುಂದಿನ ಮಳೆಗೋ ಹಿಮಕ್ಕೋ ಅದೇ ದೋಷ ಮರಳಿದಾಗ, ಹೊಸ ಮಾಡ್ಯೂಲೂ ಕೆಟ್ಟದ್ದೇ ಬಂತು ಎಂದು ಇನ್ನೊಂದನ್ನು ತರುವವರಿದ್ದಾರೆ. ಒಮ್ಮೆ ಗಾಡಿಗೆ ಹಾಕಿದ ಎಲೆಕ್ಟ್ರಾನಿಕ್ ಬಿಡಿಭಾಗವನ್ನು ಹೆಚ್ಚಿನ ಅಂಗಡಿಗಳು ವಾಪಸು ತೆಗೆದುಕೊಳ್ಳುವುದೂ ಇಲ್ಲ. ಇನ್ನು ಹೊಸ ಮಾಡ್ಯೂಲ್ ತಂದು ಹಾಕಿದ ಕೂಡಲೇ ಓಡುವಂಥದ್ದಲ್ಲ. ಆ ಗಾಡಿಗೆ ತಕ್ಕ ಪ್ರೋಗ್ರಾಂ ಅದಕ್ಕೆ ತುಂಬಬೇಕು. ಅದಕ್ಕೆ ಶೋರೂಮಿಗೆ ಹೋಗಬೇಕು, ಇಲ್ಲವೇ ಆ ಉಪಕರಣವಿರುವವರನ್ನು ಹುಡುಕಬೇಕು. ಗುಜರಿಯದ್ದಾದರೆ ಪಾರ್ಟ್ ನಂಬರೂ ಟ್ರಾನ್ಸ್‌ಫರ್ ಕೇಸಿನ ಮಾದರಿಯೂ ಹೊಂದಬೇಕು. ಇಷ್ಟನ್ನೂ ಕೂಡಿಸಿ ನೋಡಿದರೆ ಎರಡು ಗಂಟೆಯ ಹುಡುಕಾಟವೇ ಅಗ್ಗ.

ಎರಡನೆಯ ಆಕ್ಷೇಪ ಮೊದಲಿನದಕ್ಕಿಂತ ಗಟ್ಟಿಯಾದದ್ದು: ಮಾಡ್ಯೂಲುಗಳು ನಿಜಕ್ಕೂ ಕೆಡುತ್ತವೆ. ಕೆಡುತ್ತವೆ, ಸಂಶಯವೇ ಬೇಡ. ಚಳಿಗೆ ಕುಗ್ಗಿ ಶಾಖಕ್ಕೆ ಹಿಗ್ಗಿ ಬೆಸುಗೆ ಬಿರುಕು ಬಿಡುತ್ತದೆ. ಮೋಟರಿಗೆ ಕರೆಂಟು ಕೊಡುವ ಭಾಗ ಸುಟ್ಟುಹೋಗುತ್ತದೆ. ಸಿ0550 ಎಂಬ ಕೋಡು ನೇರವಾಗಿ ಮಾಡ್ಯೂಲಿನೊಳಗಿನ ದೋಷವನ್ನೇ ಹೇಳುತ್ತದೆ. ಆದರೆ ಇಲ್ಲೂ ಯಾಕೆ ಕೆಟ್ಟಿತು ಎಂದು ಕೇಳದಿದ್ದರೆ ಕೆಲಸ ಅರ್ಧವೇ. 1997ರಿಂದ 2003ರವರೆಗಿನ ಫೋರ್ಡ್ ಎಫ್-150 ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಫೋರ್ ವ್ಹೀಲ್ ಡ್ರೈವನ್ನು ನೋಡಿಕೊಳ್ಳುತ್ತಿದ್ದುದು ವೈಪರ್, ಒಳಗಿನ ದೀಪ, ಬಾಗಿಲಿನ ಗಂಟೆ ಎಲ್ಲವನ್ನೂ ನಿಭಾಯಿಸುವ ಒಂದೇ ಮಾಡ್ಯೂಲು. ಅದು ಕೂತದ್ದು ಡ್ಯಾಶ್‌ಬೋರ್ಡಿನ ಅಡಿಯ ಫ್ಯೂಸ್ ಬೋರ್ಡಿನ ಹಿಂದೆ. ಮುಂಗಾಜಿನ ಅಂಚಿನ ಸೀಲು ಹಳತಾಗಿ ನೀರು ಒಸರಿದರೆ ಇಳಿಯುವುದು ಅತ್ತಲೇ. ಮಳೆ ಬಂದ ದಿನ ವೈಪರು ತಾನಾಗಿ ಓಡಿ, ದೀಪ ಆರದೆ, ಫೋರ್ ವ್ಹೀಲ್ ಡ್ರೈವು ಹತ್ತದೆ ಹೋದರೆ ಆ ಮಾಡ್ಯೂಲಿಗೆ ನೀರು ತಗುಲಿದೆ ಎಂದು ಬಲ್ಲವರು ಊಹಿಸುತ್ತಿದ್ದರು. ಅಲ್ಲಿ ಕೆಟ್ಟದ್ದು ಮಾಡ್ಯೂಲೇ ಹೌದು. ಆದರೆ ಗಾಜಿನ ಸೀಲು ಸರಿಮಾಡದೆ ಹೊಸದನ್ನು ಹಾಕಿದರೆ ಅದೂ ನೆನೆಯುತ್ತದೆ. ಸಿಲ್ವೆರಾಡೊದಲ್ಲೂ ಇದೇ ತರ್ಕ. ಮಾಡ್ಯೂಲಿನ ಮೋಟರ್ ಭಾಗ ಸುಟ್ಟಿದೆ ಎಂದಾದರೆ, ಮೋಟರ್ ಯಾಕೆ ಅಷ್ಟು ಕರೆಂಟು ಎಳೆಯಿತು ಎಂದು ಕೇಳಬೇಕು. ಮೋಟರಿನೊಳಗೆ ನೀರು ಸೇರಿ ಬಿಗಿದಿರಬಹುದು. ಟ್ರಾನ್ಸ್‌ಫರ್ ಕೇಸೇ ಬಿಗಿದಿರಬಹುದು: ಆ ಕಾಲದ ಕೇಸುಗಳಲ್ಲಿ ಒಳಗಿನ ಆಯಿಲ್ ಪಂಪು ಉಜ್ಜಿ ಉಜ್ಜಿ ಹಗುರ ಲೋಹದ ಹೊರಕವಚದಲ್ಲಿ ಸಣ್ಣ ತೂತು ಕೊರೆಯುವುದು ಗೊತ್ತಿದ್ದ ವಿಷಯ. ಅಲ್ಲಿಂದ ಆಯಿಲ್ ಒಸರಿ ಹೋದದ್ದು ಕೇಸು ಒಣಗುವ ತನಕ ಯಾರಿಗೂ ತಿಳಿಯುತ್ತಿರಲಿಲ್ಲ.

‘ಇರಲಿ ಬಿಡಿ, ಹಿಂದಿನ ಚಕ್ರದ ಮೇಲೆ ಓಡುತ್ತದಲ್ಲ, ಇಷ್ಟೆಲ್ಲ ತಲೆಬಿಸಿ ಯಾಕೆ’ ಎನ್ನುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಟ್ರಾನ್ಸ್‌ಫರ್ ಕೇಸಿಗೂ ಒಂದು ನ್ಯೂಟ್ರಲ್ ಇದೆ. ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಹೋಗುವಾಗ ಬಳಸಲೆಂದು ಇಟ್ಟದ್ದು. ಆಟೋಟ್ರ್ಯಾಕಿನಲ್ಲಿ 2ಹೈ (ಎರಡು ಚಕ್ರದ ಓಟ) ಮತ್ತು 4ಲೋ (ನಾಲ್ಕು ಚಕ್ರದ ನಿಧಾನ ಓಟ) ಗುಂಡಿಗಳನ್ನು ಒಟ್ಟಿಗೆ 10 ಸೆಕೆಂಡು ಒತ್ತಿ ಹಿಡಿದರೆ ಮಾತ್ರ ಅದಕ್ಕೆ ಹೋಗುವಂತೆ ಬೇಕೆಂದೇ ಕಷ್ಟ ಮಾಡಿದ್ದಾರೆ. ಕಾರಣವಿದೆ: ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲಿನಲ್ಲಿದ್ದರೆ ಗೇರನ್ನು ಪಾರ್ಕಿಗೆ ಹಾಕಿದ್ದರೂ ಚಕ್ರಗಳಿಗೆ ಹಿಡಿತವಿಲ್ಲ. ಇಳಿಜಾರಿನಲ್ಲಿ ಗಾಡಿ ಉರುಳುತ್ತದೆ. ಎನ್‌ಕೋಡರ್ ಸುಳ್ಳು ಜಾಗ ಹೇಳುತ್ತಿದ್ದರೆ, ಮೋಟರ್ ಎರಡು ನೆಲೆಗಳ ನಡುವೆ ಸಿಕ್ಕಿಕೊಂಡಿದ್ದರೆ, ಕೇಸು ಎಲ್ಲಿ ನಿಂತಿದೆ ಎಂದು ಯಾರಿಗೂ ಭರವಸೆಯಿಲ್ಲ. ದೋಷದ ಬೇರು ತಿಳಿಯುವ ತನಕ ಹ್ಯಾಂಡ್ ಬ್ರೇಕ್ ಎಳೆಯದೆ ಆ ಗಾಡಿಯಿಂದ ಇಳಿಯಬಾರದು.

ಮೂರನೆಯ ಆಕ್ಷೇಪ, ಸಾಮಾನ್ಯರಿಗೆ ಇದೆಲ್ಲ ಎಟುಕುತ್ತದೆಯೇ ಎಂಬುದು. ಪರೀಕ್ಷಿಸಿ ಎನ್ನುವುದು ಸುಲಭ. ನಕ್ಷೆ ಎಲ್ಲಿದೆ, ಸ್ಕ್ಯಾನರ್ ಎಲ್ಲಿದೆ? ಈ ಪ್ರಶ್ನೆ ನ್ಯಾಯವಾದದ್ದು. ಇದು ನನ್ನ ವಾದವನ್ನು ಇನ್ನಷ್ಟು ಮುಂದಕ್ಕೆ ಒಯ್ಯುತ್ತದೆ. ಊಹೆಯ ಮೇಲೆ ಬಿಡಿಭಾಗ ಬದಲಿಸುವ ಅಭ್ಯಾಸ ಬೆಳೆದದ್ದು ಮೆಕ್ಯಾನಿಕ್‌ಗಳ ಸೋಮಾರಿತನದಿಂದಲ್ಲ, ಬಹುಮಟ್ಟಿಗೆ ಮಾಹಿತಿಯ ಬಾಗಿಲು ಮುಚ್ಚಿದ್ದರಿಂದ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಇದು ಮತಪೆಟ್ಟಿಗೆಗೆ ಹೋಯಿತು. ಶೋರೂಮುಗಳಿಗೆ ಸಿಗುವ ದೋಷಪರೀಕ್ಷೆಯ ಮಾಹಿತಿ, ಉಪಕರಣ ಹೊರಗಿನ ಗ್ಯಾರೇಜುಗಳಿಗೂ ಮಾಲೀಕರಿಗೂ ನ್ಯಾಯವಾದ ಬೆಲೆಗೆ ಸಿಗಬೇಕು ಎಂಬುದನ್ನು ಶೇ. 80ಕ್ಕೂ ಹೆಚ್ಚು ಮಂದಿ ಬೆಂಬಲಿಸಿದರು. 2014ರಲ್ಲಿ ಅದೇ ಬಗೆಯ ಒಪ್ಪಂದ ದೇಶಕ್ಕೆಲ್ಲ ಹರಡಿತು. ಭಾರತದಲ್ಲೂ ಅದೇ ವರ್ಷದ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಅಸಲಿ ಬಿಡಿಭಾಗ, ದೋಷಪರೀಕ್ಷೆಯ ಉಪಕರಣ, ತಾಂತ್ರಿಕ ಮಾಹಿತಿ ಇವು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂಬುದು ಅದರ ತೀರ್ಮಾನದ ತಿರುಳು. ಕಂಪನಿಗಳು ಮೇಲ್ಮನವಿಗೆ ಹೋದವು. ಈ ಮಾತು ಕರ್ನಾಟಕಕ್ಕೆ ದೂರದ್ದಲ್ಲ. ಲಿವರಿನ ಜೀಪುಗಳ ಜಾಗಕ್ಕೆ ಗುಂಡಿ ತಿರುಗಿಸಿ ಫೋರ್ ವ್ಹೀಲ್ ಹಾಕುವ ಟಾಟಾ ಝೆನಾನ್, 2016ರಲ್ಲಿ ಬಂದ ಇಸುಝು ವಿ-ಕ್ರಾಸ್‌ನಂಥ ಪಿಕಪ್‌ಗಳು ನಮ್ಮ ರಸ್ತೆಗೂ ಬಂದಿವೆ. ಮಲೆನಾಡಿನ ಊರಿನ ಗ್ಯಾರೇಜಿನವರಿಗೆ ಲಿವರಿನ ಜೀಪನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವಷ್ಟು ವಿದ್ಯೆಯಿದೆ. ಅವರ ಮುಂದೆ ನಕ್ಷೆಯಿಲ್ಲದ ಮಾಡ್ಯೂಲ್ ಇಟ್ಟು, ನಿಮಗೆ ಗೊತ್ತಿಲ್ಲ ಎನ್ನುವುದು ಅನ್ಯಾಯ. ಗೊತ್ತಿಲ್ಲದಂತೆ ಇಟ್ಟಿರುವುದು ಬೇರೆಯವರು.

ಎಲ್ಲ ಪರೀಕ್ಷೆಯೂ ಮುಗಿದು, ಕರೆಂಟು ಸರಿ, ಅರ್ತ್ ಸರಿ, ಗುಂಡಿ ಸರಿ, ಮೋಟರ್ ಮತ್ತು ಎನ್‌ಕೋಡರ್ ಸರಿ, ತಂತಿಗಳು ತುದಿಯಿಂದ ತುದಿಗೆ ಗಟ್ಟಿ ಎಂದಾದ ಮೇಲೆ ಉಳಿಯುವುದು ಮಾಡ್ಯೂಲ್ ಮಾತ್ರ. ಆಗ ಅದನ್ನು ಬದಲಿಸುವ ಕೆಲಸ ದೊಡ್ಡದಲ್ಲ. ಬ್ಯಾಟರಿಯ ಋಣ ತಂತಿ ಕಳಚಬೇಕು. ಸ್ಟೀರಿಂಗಿನ ಕೆಳಗಿನ ಪ್ಯಾನೆಲ್ ಬಿಚ್ಚುವಾಗ ಕಾಣುವ ಹಳದಿ ಕಪ್ಲರುಗಳು ಏರ್‌ಬ್ಯಾಗಿನವು, ಅವುಗಳ ತಂಟೆಗೆ ಹೋಗಬಾರದು. ಹಳೆಯದನ್ನು ಬಿಡಿಸಿ ಹೊಸದನ್ನು ಕೂರಿಸಿ ಪ್ರೋಗ್ರಾಂ ತುಂಬಿಸಿದ ಮೇಲೆ ಪ್ರತಿ ಗುಂಡಿಯನ್ನೂ ಒತ್ತಿ, ದೀಪ ಮಿನುಗಿ ನಿಲ್ಲುವ ತನಕ ಕಾಯಬೇಕು. ಒಣ ಡಾಂಬರಿನ ಮೇಲೆ 4ಹೈನಲ್ಲಿ ಬಿಗಿ ತಿರುವು ತೆಗೆದು ನೋಡಬಾರದು. ಮುಂದಿನ ಹಿಂದಿನ ಆ್ಯಕ್ಸಲುಗಳು ಒಂದನ್ನೊಂದು ಎಳೆದಾಡಿ ಕೇಸನ್ನು ಬಿಗಿಯುತ್ತವೆ. ಜಲ್ಲಿ ರಸ್ತೆ ಒಳ್ಳೆಯದು. ಎಲ್ಲ ಸರಿಹೋಗಿದೆ ಎಂದು ಕಂಡ ಮೇಲೂ ಒಂದು ಪರೀಕ್ಷೆ ಬಾಕಿ ಇರುತ್ತದೆ. ಇದನ್ನು ಮಾಡುವವರು ಬಹಳ ಕಡಿಮೆ. ಹಳೆಯ ಮಾಡ್ಯೂಲನ್ನೇ ಮತ್ತೆ ಹಾಕಿ ನೋಡುವುದು. ಅದರ ಪ್ರೋಗ್ರಾಂ ಅದರಲ್ಲೇ ಇರುವುದರಿಂದ ಬೇರೆ ಉಪಕರಣ ಬೇಡ. ದೋಷ ಮರಳಿತೆಂದರೆ ಕೆಟ್ಟದ್ದು ಅದೇ ಎಂದು ಧೈರ್ಯವಾಗಿ ಹೇಳಬಹುದು. ಹಳೆಯದನ್ನು ಹಾಕಿದಾಗಲೂ ಗಾಡಿ ಸರಿಯಾಗಿಯೇ ಓಡಿತೆಂದರೆ, ಖರ್ಚಾದ ಹಣ ಖರ್ಚಾಯಿತು. ಕಪ್ಲರಿನ ಪಿನ್ನುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುವ ಕೆಲಸ ಅಲ್ಲಿಂದ ಶುರುವಾಗಬೇಕು.